ನೇರಳಾತೀತ ಕಿರಣಗಳಿಂದ ಕಣ್ಣಿನ ಜೀವಕೋಶಗಳಿಗೆ ಆಗುವ ಹಾನಿ ಮತ್ತು ಅದರ ದುರಸ್ತಿ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆ, ಕಣ್ಣಿನ ದುರ್ಮಾಂಸದ ಚಿಕಿತ್ಸೆ, ದೃಷ್ಟಿ ತಪಾಸಣೆ, ಅಂಗವಿಕಲತೆಯ ಪ್ರಮಾಣಪತ್ರ ಮುಂತಾದ ಸೇವೆಗಳಿಗಾಗಿ ಪ್ರತಿನಿತ್ಯ ಅನೇಕ ನಾಗರಿಕರು ಸರ್ಕಾರಿ ಆಸ್ಪತ್ರೆಗಳಿಗೆ ಬರುತ್ತಾರೆ. ಇವರಲ್ಲಿ ಹೊಲದಲ್ಲಿ ದುಡಿಯುವವರು, ಮೀನುಗಾರರು, ಕಟ್ಟಡ ಕಾರ್ಮಿಕರು, ರಸ್ತೆಬದಿ ವ್ಯಾಪಾರಿಗಳು ಹಾಗೂ ವೆಲ್ಡಿಂಗ್ ಕೆಲಸಗಾರರು ಸೇರಿರುತ್ತಾರೆ. ಈ ಎಲ್ಲರ ಕಣ್ಣುಗಳು ದೀರ್ಘಕಾಲ ನೇರಳಾತೀತ ಕಿರಣಗಳಿಗೆ ಒಡ್ಡಿಕೊಂಡಿರುತ್ತವೆ. ಈ ಕಿರಣಗಳು ಜೀವಕೋಶದೊಳಗಿನ ಡಿ.ಎನ್.ಎ.ಗೆ ಹಾನಿ ಉಂಟುಮಾಡುತ್ತವೆ. ಕಣ್ಣು ಆ ಹಾನಿಯನ್ನು ತಾನೇ ಸರಿಪಡಿಸಿಕೊಳ್ಳುವ ವ್ಯವಸ್ಥೆಯನ್ನೂ ಹೊಂದಿದೆ. ಆದರೆ ಈ ದುರಸ್ತಿಗೆ ಮಿತಿಯುಂಟು. ಕಣ್ಣಿನ ಯಾವ ಭಾಗವು ತಾನಾಗಿ ಗುಣವಾಗುತ್ತದೆ, ಯಾವುದು ಗುಣವಾಗುವುದಿಲ್ಲ ಎಂಬುದನ್ನು ತಿಳಿದುಕೊಂಡಲ್ಲಿ, ಯಾವಾಗ ಎಚ್ಚರ ವಹಿಸಬೇಕು ಮತ್ತು ಯಾವಾಗ ವೈದ್ಯರ ಬಳಿಗೆ ಹೋಗಬೇಕು ಎಂಬುದು ಸ್ಪಷ್ಟವಾಗುತ್ತದೆ. ಈ ಉದ್ದೇಶದಿಂದ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ನೇರಳಾತೀತ ಕಿರಣಗಳು

ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣುವ ಬಣ್ಣಗಳಲ್ಲದೆ ಕಾಣದ ಕಿರಣಗಳೂ ಇರುತ್ತವೆ. ನೇರಳೆ ಬಣ್ಣದ ಆಚೆಗಿನ, ಹೆಚ್ಚು ಶಕ್ತಿಯುಳ್ಳ ಕಿರಣಗಳನ್ನು ನೇರಳಾತೀತ ಕಿರಣಗಳೆಂದು ಕರೆಯಲಾಗುತ್ತದೆ. ಅವುಗಳನ್ನು ತರಂಗಾಂತರದ ಆಧಾರದ ಮೇಲೆ ಮೂರು ವಿಧಗಳಾಗಿ ವಿಂಗಡಿಸಲಾಗಿದೆ.

ಅ) ಎ ವಿಧ: 315ರಿಂದ 400 ನ್ಯಾನೊಮೀಟರ್. ಭೂಮಿಯನ್ನು ತಲುಪುವ ನೇರಳಾತೀತ ಕಿರಣಗಳಲ್ಲಿ ಬಹುಪಾಲು ಈ ವಿಧದ್ದಾಗಿರುತ್ತದೆ.

ಆ) ಬಿ ವಿಧ: 280ರಿಂದ 315 ನ್ಯಾನೊಮೀಟರ್. ಇದರ ಬಹುಭಾಗವನ್ನು ಓಝೋನ್ ಪದರವು ತಡೆಯುತ್ತದೆ. ಉಳಿದ ಅಲ್ಪ ಭಾಗವೇ ಡಿ.ಎನ್.ಎ.ಗೆ ಹೆಚ್ಚಿನ ಹಾನಿ ಮಾಡಬಲ್ಲದು.

ಇ) ಸಿ ವಿಧ: 100ರಿಂದ 280 ನ್ಯಾನೊಮೀಟರ್. ಸೂರ್ಯನಿಂದ ಬರುವ ಈ ಕಿರಣಗಳನ್ನು ವಾಯುಮಂಡಲವು ಪೂರ್ಣವಾಗಿ ಹೀರಿಕೊಳ್ಳುತ್ತದೆ. ಆದರೆ ವೆಲ್ಡಿಂಗ್ ಕಿಡಿ ಹಾಗೂ ಕ್ರಿಮಿನಾಶಕ ದೀಪಗಳಿಂದ ಇವು ಹೊರಬರುತ್ತವೆ.

ಸೂರ್ಯನು ನೆತ್ತಿಯ ಮೇಲಿದ್ದಷ್ಟೂ ಈ ಕಿರಣಗಳ ಪ್ರಮಾಣ ಹೆಚ್ಚು. ಕರ್ನಾಟಕ ರಾಜ್ಯವು ಸಂಪೂರ್ಣವಾಗಿ ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕೆ ಇರುವುದರಿಂದ, ರಾಜ್ಯದ ಪ್ರತಿಯೊಂದು ಊರಿನಲ್ಲಿಯೂ ಸೂರ್ಯನು ವರ್ಷಕ್ಕೆ ಎರಡು ಬಾರಿ ಮಧ್ಯಾಹ್ನದ ಹೊತ್ತಿಗೆ ನೇರ ನೆತ್ತಿಗೆ ಬರುತ್ತಾನೆ. ಬೆಂಗಳೂರಿನಲ್ಲಿ ಇದು ಏಪ್ರಿಲ್ ಕೊನೆಯ ಭಾಗದಲ್ಲಿ ಹಾಗೂ ಆಗಸ್ಟ್ ಮಧ್ಯಭಾಗದ ನಂತರ ಸಂಭವಿಸುತ್ತದೆ. ಸಮುದ್ರಮಟ್ಟದಿಂದ ಪ್ರತಿ 1000 ಮೀಟರ್ ಎತ್ತರಕ್ಕೆ ಹೋದಂತೆ ನೇರಳಾತೀತ ಕಿರಣಗಳ ಪ್ರಮಾಣವು ಸುಮಾರು ಶೇಕಡ 10ರಷ್ಟು ಏರುತ್ತದೆ. ಒಣ ಮರಳು ಸುಮಾರು ಶೇಕಡ 15ರಷ್ಟನ್ನು, ಸಮುದ್ರದ ನೊರೆ ಸುಮಾರು ಶೇಕಡ 25ರಷ್ಟನ್ನು, ಹೊಸ ಹಿಮವು ಶೇಕಡ 80ರವರೆಗೆ ಪ್ರತಿಫಲಿಸುತ್ತದೆ. ಆದುದರಿಂದ ನೆರಳಿನಲ್ಲಿ ನಿಂತ ಮಾತ್ರಕ್ಕೆ ಕಣ್ಣಿಗೆ ಪೂರ್ಣ ರಕ್ಷಣೆ ದೊರೆಯಿತೆಂದು ಭಾವಿಸತಕ್ಕದ್ದಲ್ಲ.

2. ಕಣ್ಣಿನ ಯಾವ ಭಾಗಕ್ಕೆ ಯಾವ ಕಿರಣ ತಲುಪುತ್ತದೆ

ಕಣ್ಣಿನ ಮುಂಭಾಗದಲ್ಲಿ ಗಾಜಿನಂತೆ ಪಾರದರ್ಶಕವಾಗಿರುವ ಪದರವೇ ಕಾರ್ನಿಯಾ. ಮಧ್ಯಭಾಗದಲ್ಲಿ ಇದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಸುಮಾರು 295 ನ್ಯಾನೊಮೀಟರ್‌ಗಿಂತ ಕಡಿಮೆ ತರಂಗಾಂತರದ ಕಿರಣಗಳನ್ನು ಇದು ಬಹುಮಟ್ಟಿಗೆ ತಾನೇ ಹೀರಿಕೊಳ್ಳುತ್ತದೆ. ಕಾರ್ನಿಯಾವನ್ನು ದಾಟಿದ ನೇರಳಾತೀತ ಕಿರಣಗಳ ಬಹುಭಾಗವನ್ನು ಅದರ ಹಿಂದಿರುವ ಮಸೂರವು ಹೀರಿಕೊಳ್ಳುತ್ತದೆ. ವಯಸ್ಕರಲ್ಲಿ ಅತ್ಯಲ್ಪ ಭಾಗ ಮಾತ್ರ ಹಿಂಭಾಗದ ಅಕ್ಷಿಪಟಲವನ್ನು ತಲುಪುತ್ತದೆ. ಮಕ್ಕಳ ಮಸೂರವು ಹೆಚ್ಚು ತಿಳಿಯಾಗಿರುವುದರಿಂದ ಅವರ ಅಕ್ಷಿಪಟಲಕ್ಕೆ ವಯಸ್ಕರಿಗಿಂತ ಹೆಚ್ಚು ಕಿರಣಗಳು ಹೋಗುತ್ತವೆ. ಕಣ್ಣಿನ ಮುಂದಿನ ಪದರಗಳು ಹಿಂದಿನ ಪದರಗಳನ್ನು ಕಾಯುತ್ತವೆ; ಆ ಕಾವಲಿನ ಬೆಲೆಯನ್ನು ತಮ್ಮ ಜೀವಕೋಶಗಳ ಮೇಲಾಗುವ ಹಾನಿಯ ರೂಪದಲ್ಲಿ ತೆರುತ್ತವೆ.

3. ಡಿ.ಎನ್.ಎ.ಗೆ ಆಗುವ ಹಾನಿಯ ಸ್ವರೂಪ

ಪ್ರತಿ ಜೀವಕೋಶದ ಕೇಂದ್ರದಲ್ಲಿ ಆ ಕೋಶದ ಕೆಲಸಕಾರ್ಯಗಳಿಗೆ ಬೇಕಾದ ಸೂಚನೆಗಳನ್ನು ಹೊತ್ತ ಡಿ.ಎನ್.ಎ. ಇರುತ್ತದೆ. ಇದು ಎರಡು ಎಳೆಗಳ ಏಣಿಯಂತಿದ್ದು, ಅಡೆನಿನ್, ಥೈಮಿನ್, ಗ್ವಾನಿನ್ ಮತ್ತು ಸೈಟೊಸಿನ್ ಎಂಬ ನಾಲ್ಕು ಘಟಕಗಳಿಂದ ರಚಿತವಾಗಿದೆ. ಬಿ ವಿಧದ ಕಿರಣ ತಾಗಿದಾಗ ಒಂದೇ ಎಳೆಯಲ್ಲಿ ಅಕ್ಕಪಕ್ಕದಲ್ಲಿರುವ ಎರಡು ಥೈಮಿನ್ ಅಥವಾ ಸೈಟೊಸಿನ್ ಘಟಕಗಳು ಪರಸ್ಪರ ಬೆಸೆದುಕೊಳ್ಳುತ್ತವೆ. ಇಂತಹ ಬೆಸುಗೆಗಳಲ್ಲಿ ಎರಡು ಬಗೆ ಮುಖ್ಯವಾದವು. ಮೊದಲನೆಯದು ಪಿರಿಮಿಡಿನ್ ಜೋಡಿ. ಇದು ಹೆಚ್ಚು ಸಂಖ್ಯೆಯಲ್ಲಿ ಉಂಟಾಗುತ್ತದೆ. ಎರಡನೆಯದು ಆರು-ನಾಲ್ಕು ಬೆಸುಗೆ. ಇದು ಸಂಖ್ಯೆಯಲ್ಲಿ ಕಡಿಮೆಯಾದರೂ ಎಳೆಯನ್ನು ಹೆಚ್ಚು ಬಾಗಿಸುತ್ತದೆ.

ಎ ವಿಧದ ಕಿರಣಗಳು ಮುಖ್ಯವಾಗಿ ಬೇರೊಂದು ಮಾರ್ಗದಲ್ಲಿ ಹಾನಿ ಮಾಡುತ್ತವೆ. ಅವು ಕೋಶದೊಳಗೆ ತೀವ್ರ ಪ್ರತಿಕ್ರಿಯಾಶೀಲ ಆಮ್ಲಜನಕದ ಕಣಗಳನ್ನು ಹುಟ್ಟಿಸುತ್ತವೆ. ಆ ಕಣಗಳು ಗ್ವಾನಿನ್ ಘಟಕದ ಮೇಲೆ ಎರಗಿ ಅದನ್ನು ಉತ್ಕರ್ಷಿಸುತ್ತವೆ. ಹಾನಿ ಯಾವುದೇ ಬಗೆಯದಾಗಿರಲಿ, ಅದು ಸರಿಹೋಗುವ ಮೊದಲೇ ಕೋಶವು ವಿಭಜನೆಗೊಂಡಲ್ಲಿ ಡಿ.ಎನ್.ಎ. ಪ್ರತಿಯಲ್ಲಿ ತಪ್ಪು ಉಳಿದುಕೊಳ್ಳುವ ಸಂಭವವಿರುತ್ತದೆ. ಇಂತಹ ತಪ್ಪುಗಳು ಕೂಡುತ್ತಾ ಹೋದಲ್ಲಿ ಅಸಹಜ ಬೆಳವಣಿಗೆ ಹಾಗೂ ಕ್ಯಾನ್ಸರ್‌ಗೆ ಎಡೆಯಾಗಬಹುದು.

4. ದುರಸ್ತಿಯು ನಡೆಯುವ ಕ್ರಮ

ಬೆಸೆದುಕೊಂಡ ಘಟಕಗಳನ್ನು ತೆಗೆದುಹಾಕಲು ಮಾನವನ ಜೀವಕೋಶಗಳು ಬಳಸುವ ಕ್ರಮಕ್ಕೆ ನ್ಯೂಕ್ಲಿಯೋಟೈಡ್ ಛೇದನ ದುರಸ್ತಿ ಎಂದು ಹೆಸರು. ಹರಿದ ಬಟ್ಟೆಯ ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು ತೇಪೆ ಹಾಕುವುದಕ್ಕೆ ಇದನ್ನು ಹೋಲಿಸಬಹುದು. ಇದರ ಹಂತಗಳು ಈ ಕೆಳಗಿನಂತಿವೆ.

(1) ಗುರುತಿಸುವಿಕೆ: ಎಕ್ಸ್.ಪಿ.ಸಿ. ಎಂಬ ಪ್ರೋಟೀನು ಡಿ.ಎನ್.ಎ. ಎಳೆಯು ವಕ್ರವಾಗಿರುವ ಜಾಗವನ್ನು ಪತ್ತೆಹಚ್ಚುತ್ತದೆ. ಪಿರಿಮಿಡಿನ್ ಜೋಡಿಯು ಎಳೆಯನ್ನು ಹೆಚ್ಚು ಬಾಗಿಸದ ಕಾರಣ ಅದನ್ನು ಪತ್ತೆಹಚ್ಚಲು ಮತ್ತೊಂದು ಪ್ರೋಟೀನಿನ ನೆರವು ಬೇಕಾಗುತ್ತದೆ.

(2) ಎಳೆಗಳನ್ನು ಬಿಡಿಸುವಿಕೆ: ಹಾನಿಗೊಂಡ ಜಾಗದ ಸುತ್ತ ಎರಡು ಎಳೆಗಳನ್ನು ಬೇರ್ಪಡಿಸಿ, ಅಲ್ಲಿ ನಿಜವಾಗಿಯೂ ಹಾನಿಯಾಗಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಲಾಗುತ್ತದೆ.

(3) ಕತ್ತರಿಸುವಿಕೆ: ಎರಡು ಕಿಣ್ವಗಳು ಹಾನಿಯ ಎರಡೂ ಬದಿಗಳಲ್ಲಿ ಎಳೆಯನ್ನು ಕತ್ತರಿಸುತ್ತವೆ. ಸುಮಾರು 24ರಿಂದ 32 ಘಟಕಗಳಷ್ಟು ಉದ್ದದ ತುಂಡು ಹೊರಬರುತ್ತದೆ.

(4) ತುಂಬುವಿಕೆ ಮತ್ತು ಜೋಡಣೆ: ಎದುರಿನ ಎಳೆಯನ್ನು ಮಾದರಿಯಾಗಿಟ್ಟುಕೊಂಡು ಹೊಸ ಘಟಕಗಳನ್ನು ತುಂಬಲಾಗುತ್ತದೆ. ಕೊನೆಯಲ್ಲಿ ಲಿಗೇಸ್ ಕಿಣ್ವವು ತುದಿಗಳನ್ನು ಬೆಸೆಯುತ್ತದೆ.

ಆರು-ನಾಲ್ಕು ಬೆಸುಗೆಗಳು ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ನಿವಾರಣೆಯಾಗುತ್ತವೆ. ಪಿರಿಮಿಡಿನ್ ಜೋಡಿಗಳ ನಿವಾರಣೆಗೆ ಒಂದು ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಬೇಕಾಗಬಹುದು. ಅಂದರೆ ಒಂದು ದಿನದ ಬಿಸಿಲಿನ ಹಾನಿ ಪೂರ್ಣವಾಗಿ ಸರಿಹೋಗುವ ಮೊದಲೇ ಮರುದಿನದ ಬಿಸಿಲು ಬಂದಿರುತ್ತದೆ. ಉತ್ಕರ್ಷಣೆಗೊಂಡ ಗ್ವಾನಿನ್ ಘಟಕವನ್ನು ಪ್ರತ್ಯೇಕ ಕಿಣ್ವವೊಂದು ಗುರುತಿಸಿ ತೆಗೆಯುತ್ತದೆ. ಇದಕ್ಕೆ ಪ್ರತ್ಯಾಮ್ಲ ಛೇದನ ದುರಸ್ತಿ ಎನ್ನುತ್ತಾರೆ. ದುರಸ್ತಿ ನಡೆಯುತ್ತಿರುವಾಗ ಪಿ53 ಎಂಬ ಪ್ರೋಟೀನು ಕೋಶದ ವಿಭಜನೆಯನ್ನು ತಡೆಹಿಡಿಯುತ್ತದೆ. ಹಾನಿಯು ದುರಸ್ತಿಗೆ ಮೀರಿದ್ದಲ್ಲಿ ಆ ಕೋಶವು ಸ್ವಯಂನಾಶ ಹೊಂದುವಂತೆ ಮಾಡುತ್ತದೆ.

ಈ ದುರಸ್ತಿ ವಿಧಾನಗಳ ಅಧ್ಯಯನಕ್ಕಾಗಿ ತೋಮಸ್ ಲಿಂಡಾಲ್, ಪೌಲ್ ಮೋಡ್ರಿಕ್ ಮತ್ತು ಅಜೀಜ್ ಸಂಜಾರ್ ಅವರಿಗೆ 2015ನೇ ಸಾಲಿನ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ನೀಡಲಾಯಿತು. ನೇರಳಾತೀತ ಹಾನಿಗೆ ಸಂಬಂಧಿಸಿದ ಛೇದನ ದುರಸ್ತಿಯನ್ನು ವಿವರಿಸಿದವರು ಸಂಜಾರ್.

ಬ್ಯಾಕ್ಟೀರಿಯಾ, ಸಸ್ಯ, ಮೀನು, ಪಕ್ಷಿ ಹಾಗೂ ಹೊಟ್ಟೆಚೀಲವುಳ್ಳ ಪ್ರಾಣಿಗಳಲ್ಲಿ ಫೋಟೊಲಯೇಸ್ ಎಂಬ ಕಿಣ್ವವಿದೆ. ಇದು ಗೋಚರ ಬೆಳಕಿನ ಶಕ್ತಿಯನ್ನೇ ಬಳಸಿ ಬೆಸುಗೆಯನ್ನು ನೇರವಾಗಿ ಬಿಡಿಸುತ್ತದೆ. ಅಪೋಸಮ್ ಎಂಬ ಪ್ರಾಣಿಯ ಮೇಲೆ ನಡೆದ ಪ್ರಯೋಗಗಳಲ್ಲಿ, ನೇರಳಾತೀತ ಕಿರಣದ ನಂತರ ಗೋಚರ ಬೆಳಕನ್ನು ಹಾಯಿಸಿದಾಗ ಕಾರ್ನಿಯಾದ ಹಾನಿ ಕಡಿಮೆಯಾದುದು ಕಂಡುಬಂದಿತು. ಕಣ್ಣಿನ ಈ ಹಾನಿಗೆ ಡಿ.ಎನ್.ಎ. ಬೆಸುಗೆಗಳೇ ಮುಖ್ಯ ಕಾರಣವೆಂಬುದಕ್ಕೆ ಇದು ಆಧಾರವಾಯಿತು. ಆದರೆ ಮಾನವನಲ್ಲಿ ಈ ಕಿಣ್ವವಿಲ್ಲ. ಮಾನವನ ಕಣ್ಣು ಛೇದನ ದುರಸ್ತಿಯನ್ನೇ ಅವಲಂಬಿಸಬೇಕಾಗಿದೆ.

5. ಕಣ್ಣಿನ ವಿವಿಧ ಭಾಗಗಳ ದುರಸ್ತಿ ಸಾಮರ್ಥ್ಯ

ಕಾರ್ನಿಯಾದ ಹೊರಪದರ: ಇದರ ಜೀವಕೋಶಗಳು ಸುಮಾರು 7ರಿಂದ 10 ದಿನಗಳಲ್ಲಿ ಬದಲಾಗುತ್ತವೆ. ಕಪ್ಪುಗುಡ್ಡೆ ಮತ್ತು ಬಿಳಿಭಾಗ ಸೇರುವ ಅಂಚಿನಲ್ಲಿರುವ ಕಾಂಡಕೋಶಗಳು ಹೊಸ ಕೋಶಗಳನ್ನು ಒದಗಿಸುತ್ತಿರುತ್ತವೆ. ಕೆನಡಾ ದೇಶದ ಕ್ವಿಬೆಕ್‌ನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಾನವನ ಕಾರ್ನಿಯಾದ ಹೊರಪದರದ ಕೋಶಗಳು ಪಿರಿಮಿಡಿನ್ ಜೋಡಿಗಳನ್ನು ಚರ್ಮದ ಹೊರಪದರದ ಕೋಶಗಳಿಗಿಂತ ಶೀಘ್ರವಾಗಿ ಸರಿಪಡಿಸುತ್ತವೆ. ಬಿಸಿಲಿಗೆ ಸದಾ ತೆರೆದಿದ್ದರೂ ಕಾರ್ನಿಯಾದಲ್ಲಿ ಕ್ಯಾನ್ಸರ್ ವಿರಳವಾಗಿರುವುದಕ್ಕೆ ಇದೂ ಒಂದು ವಿವರಣೆಯಾಗಿದೆ. ಈ ಪದರದಲ್ಲಿ ವಿಟಮಿನ್ ಸಿ ಅಧಿಕ ಪ್ರಮಾಣದಲ್ಲಿದ್ದು, ಅದೂ ಹಾನಿಯನ್ನು ತಗ್ಗಿಸುತ್ತದೆ.

ಕಾರ್ನಿಯಾದ ಒಳಪದರ: ಕಾರ್ನಿಯಾದಿಂದ ನೀರನ್ನು ಹೊರಹಾಕಿ ಅದನ್ನು ತಿಳಿಯಾಗಿಡುವ ಕೆಲಸ ಈ ಒಂದೇ ಸಾಲಿನ ಕೋಶಗಳದ್ದು. ಇವು ವಯಸ್ಕರಲ್ಲಿ ವಿಭಜನೆ ಹೊಂದಿ ಹೊಸದಾಗಿ ಬೆಳೆಯುವುದಿಲ್ಲ. ವರ್ಷಕ್ಕೆ ಸುಮಾರು ಶೇಕಡ 0.6ರಷ್ಟು ಕೋಶಗಳು ಕಡಿಮೆಯಾಗುತ್ತಾ ಹೋಗುತ್ತವೆ. ಇಲ್ಲಿ ಡಿ.ಎನ್.ಎ. ದುರಸ್ತಿ ನಡೆಯುತ್ತದೆಯಾದರೂ, ಸತ್ತ ಕೋಶದ ಜಾಗಕ್ಕೆ ಹೊಸ ಕೋಶ ಬರುವುದಿಲ್ಲ. ಪಕ್ಕದ ಕೋಶಗಳು ಹಿಗ್ಗಿ ಆ ಜಾಗವನ್ನು ಮುಚ್ಚುತ್ತವೆ.

ಮಸೂರ: ಮಸೂರದ ಮುಂಭಾಗದ ಒಂದು ಸಾಲಿನ ಕೋಶಗಳಲ್ಲಿ ಮಾತ್ರ ಡಿ.ಎನ್.ಎ. ದುರಸ್ತಿ ಸಾಧ್ಯ. ಉಳಿದ ಭಾಗವು ನಾರಿನಂತಹ ಕೋಶಗಳಿಂದ ಕೂಡಿದ್ದು, ಬೆಳಕು ಸರಾಗವಾಗಿ ಹಾಯಲೆಂದು ಅವು ಬೆಳೆಯುವ ಹಂತದಲ್ಲಿಯೇ ತಮ್ಮ ಕೋಶಕೇಂದ್ರವನ್ನು ಕಳೆದುಕೊಂಡಿರುತ್ತವೆ. ಡಿ.ಎನ್.ಎ. ಇಲ್ಲದಿರುವುದರಿಂದ ಅಲ್ಲಿನ ಪ್ರೋಟೀನುಗಳು ಕೆಟ್ಟರೆ ಹೊಸದನ್ನು ತಯಾರಿಸಿಕೊಳ್ಳಲಾಗದು. ಮಸೂರದ ನಡುಭಾಗದ ಪ್ರೋಟೀನುಗಳು ವ್ಯಕ್ತಿ ಹುಟ್ಟುವ ಮೊದಲೇ ರೂಪುಗೊಂಡು ಜೀವಿತಾವಧಿಯವರೆಗೆ ಹಾಗೆಯೇ ಉಳಿಯುತ್ತವೆ. ಅವುಗಳಿಗಾದ ಹಾನಿ ವರ್ಷದಿಂದ ವರ್ಷಕ್ಕೆ ಕೂಡುತ್ತಾ ಹೋಗುತ್ತದೆ.

6. ದುರಸ್ತಿ ವ್ಯವಸ್ಥೆಯೇ ಇಲ್ಲದಿದ್ದಲ್ಲಿ

ಈ ದುರಸ್ತಿಯ ಮಹತ್ವವನ್ನು ಜೀರೋಡರ್ಮಾ ಪಿಗ್ಮೆಂಟೋಸಮ್ ಎಂಬ ಅಪರೂಪದ ಆನುವಂಶಿಕ ಕಾಯಿಲೆ ತೋರಿಸಿಕೊಡುತ್ತದೆ. ಈ ಕಾಯಿಲೆಗೆ ಡಿ.ಎನ್.ಎ. ದುರಸ್ತಿಯ ದೋಷವೇ ಕಾರಣವೆಂಬುದನ್ನು ಅಮೆರಿಕದ ಜೇಮ್ಸ್ ಕ್ಲೀವರ್ ಅವರು 1968ರಲ್ಲಿ ಪ್ರಕಟಿಸಿದರು. ತಂದೆ ಮತ್ತು ತಾಯಿ ಇಬ್ಬರಿಂದಲೂ ದೋಷಯುಕ್ತ ವಂಶವಾಹಿ ಬಂದಾಗ ಮಾತ್ರ ಮಗುವಿಗೆ ಈ ಕಾಯಿಲೆ ಉಂಟಾಗುತ್ತದೆ. ಆದುದರಿಂದ ಸೋದರಮಾವ ಅಥವಾ ಸೋದರತ್ತೆಯ ಮಕ್ಕಳಂತಹ ರಕ್ತಸಂಬಂಧಿಗಳ ನಡುವಿನ ವಿವಾಹಗಳಲ್ಲಿ ಇದರ ಸಂಭವ ಹೆಚ್ಚು.

ಇಂತಹ ಮಕ್ಕಳು ಬೆಳಕನ್ನು ನೋಡಲಾರದೆ ಕಣ್ಣು ಮುಚ್ಚಿಕೊಳ್ಳುತ್ತಾರೆ. ಕಣ್ಣು ಪದೇ ಪದೇ ಕೆಂಪಾಗುತ್ತದೆ. ಮುಖದ ಮೇಲೆ ಚಿಕ್ಕ ವಯಸ್ಸಿನಲ್ಲಿಯೇ ಕಂದು ಚುಕ್ಕೆಗಳು ಮೂಡುತ್ತವೆ. ರಕ್ಷಣೆ ಇಲ್ಲದಿದ್ದಲ್ಲಿ ಕಾರ್ನಿಯಾ ಮಸುಕಾಗಿ ದೃಷ್ಟಿ ಕುಂದುತ್ತದೆ. ಕಣ್ಣಿನ ಹೊರಭಾಗದಲ್ಲಿ ಹಾಗೂ ರೆಪ್ಪೆಗಳಲ್ಲಿ ಕ್ಯಾನ್ಸರ್ ಕಾಣಿಸಿಕೊಳ್ಳಬಹುದು. ಮಗುವಿನಲ್ಲಿ ಈ ಲಕ್ಷಣಗಳು ಕಂಡುಬಂದಲ್ಲಿ ದೃಷ್ಟಿದೋಷ ಅಥವಾ ಹಠವೆಂದು ಕಡೆಗಣಿಸದೆ ತಕ್ಷಣವೇ ಕಣ್ಣು ಮತ್ತು ಚರ್ಮದ ತಜ್ಞರಿಗೆ ತೋರಿಸತಕ್ಕದ್ದು. ಕಾಯಿಲೆಯನ್ನು ಗುಣಪಡಿಸುವ ಔಷಧವಿಲ್ಲದಿದ್ದರೂ, ಬಿಸಿಲಿನಿಂದ ಕಟ್ಟುನಿಟ್ಟಾಗಿ ರಕ್ಷಿಸಿದಲ್ಲಿ ದೃಷ್ಟಿ ಮತ್ತು ಜೀವ ಎರಡನ್ನೂ ಬಹುಕಾಲ ಉಳಿಸಿಕೊಳ್ಳಲು ಸಾಧ್ಯ.

7. ದುರಸ್ತಿಯ ಮಿತಿ ಮೀರಿದಾಗ ಉಂಟಾಗುವ ತೊಂದರೆಗಳು

ಅ) ವೆಲ್ಡಿಂಗ್ ಕಣ್ಣು: ರಕ್ಷಣೆಯಿಲ್ಲದೆ ವೆಲ್ಡಿಂಗ್ ಬೆಳಕನ್ನು ನೋಡಿದಲ್ಲಿ ಕಾರ್ನಿಯಾದ ಹೊರಪದರದ ಕೋಶಗಳು ದೊಡ್ಡ ಸಂಖ್ಯೆಯಲ್ಲಿ ಸಾಯುತ್ತವೆ. ನೋವು ಕೂಡಲೇ ಬಾರದೆ ಸಾಮಾನ್ಯವಾಗಿ 6ರಿಂದ 12 ಗಂಟೆಗಳ ನಂತರ ಆರಂಭವಾಗುತ್ತದೆ. ಕಣ್ಣಿನಲ್ಲಿ ಮರಳು ಬಿದ್ದಂತೆ ಚುಚ್ಚುವುದು, ನೀರು ಸುರಿಯುವುದು, ಬೆಳಕನ್ನು ನೋಡಲಾಗದಿರುವುದು ಇದರ ಲಕ್ಷಣಗಳು. ಬಹುತೇಕ ಸಂದರ್ಭಗಳಲ್ಲಿ ಒಂದರಿಂದ ಮೂರು ದಿನಗಳಲ್ಲಿ ಹೊಸ ಕೋಶಗಳು ಬೆಳೆದು ಗುಣವಾಗುತ್ತದೆ.

ಆ) ಕಣ್ಣಿನ ದುರ್ಮಾಂಸ: ಬಿಳಿಭಾಗದ ತೆಳುಪೊರೆಯು ಬೆಳೆದು ಕಪ್ಪುಗುಡ್ಡೆಯ ಮೇಲೆ ಹಬ್ಬುವುದು. ಇದು ಸಾಮಾನ್ಯವಾಗಿ ಮೂಗಿನ ಕಡೆಯಿಂದ ಆರಂಭವಾಗುತ್ತದೆ. ಪಕ್ಕದಿಂದ ಬರುವ ಬೆಳಕನ್ನು ಕಾರ್ನಿಯಾವು ಮೂಗಿನ ಕಡೆಯ ಅಂಚಿನಲ್ಲಿ ಕೇಂದ್ರೀಕರಿಸುವುದರಿಂದ, ಅಲ್ಲಿರುವ ಕಾಂಡಕೋಶಗಳಿಗೆ ಹೆಚ್ಚು ಹಾನಿಯಾಗುವುದೇ ಇದಕ್ಕೆ ಕಾರಣವೆಂದು ವಿವರಿಸಲಾಗಿದೆ.

ಇ) ಕಣ್ಣಿನ ಪೊರೆ: ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಚೆಸಪೀಕ್ ಕೊಲ್ಲಿಯಲ್ಲಿ ದುಡಿಯುವ 838 ದೋಣಿ ಕಾರ್ಮಿಕರ ಅಧ್ಯಯನವು 1988ರಲ್ಲಿ ಪ್ರಕಟವಾಯಿತು. ಜೀವಮಾನದಲ್ಲಿ ಕಣ್ಣಿಗೆ ತಾಗಿದ ಬಿ ವಿಧದ ಕಿರಣಗಳ ಪ್ರಮಾಣ ಇಮ್ಮಡಿಯಾದಾಗ, ಮಸೂರದ ಹೊರವಲಯದ ಪೊರೆಯ ಅಪಾಯವು 1.6 ಪಟ್ಟು ಏರುವುದಾಗಿ ಕಂಡುಬಂದಿತು. ಪೊರೆಗೆ ವಯಸ್ಸು, ಮಧುಮೇಹ, ಧೂಮಪಾನ, ಸ್ಟೀರಾಯ್ಡ್ ಔಷಧಗಳ ದೀರ್ಘ ಬಳಕೆ ಮುಂತಾದ ಇತರ ಕಾರಣಗಳೂ ಇವೆ.

8. ಸಾರ್ವಜನಿಕರು ವಹಿಸಬೇಕಾದ ಎಚ್ಚರಿಕೆಗಳು

1. ಬೆಳಿಗ್ಗೆ 10ರಿಂದ ಸಂಜೆ 4 ಗಂಟೆಯವರೆಗಿನ ಬಿಸಿಲಿನಲ್ಲಿ ಅಗಲ ಅಂಚಿನ ಟೋಪಿ ಅಥವಾ ಛತ್ರಿಯನ್ನು ಬಳಸುವುದು. ಅಗಲ ಅಂಚಿನ ಟೋಪಿಯು ಕಣ್ಣಿಗೆ ತಾಗುವ ಬಿ ವಿಧದ ಕಿರಣಗಳನ್ನು ಸುಮಾರು ಅರ್ಧದಷ್ಟು ತಗ್ಗಿಸುತ್ತದೆ.

2. 400 ನ್ಯಾನೊಮೀಟರ್‌ವರೆಗಿನ ನೇರಳಾತೀತ ಕಿರಣಗಳನ್ನು ತಡೆಯುವ, ಪಕ್ಕದಿಂದಲೂ ಕಣ್ಣನ್ನು ಮುಚ್ಚುವ ಕನ್ನಡಕವನ್ನು ಧರಿಸುವುದು.

3. ವೆಲ್ಡಿಂಗ್ ಮಾಡುವವರು ಹಾಗೂ ಅವರ ಸಹಾಯಕರು ಸೂಕ್ತ ದರ್ಜೆಯ ಗಾಜುಳ್ಳ ಮುಖಕವಚವನ್ನು ಕಡ್ಡಾಯವಾಗಿ ಬಳಸುವುದು. ಕಾರ್ಖಾನೆಗಳ ಕಾಯ್ದೆ, 1948ರ 35ನೇ ಪ್ರಕರಣವು ಅತಿಯಾದ ಬೆಳಕಿನಿಂದ ಕೆಲಸಗಾರರ ಕಣ್ಣಿಗೆ ಅಪಾಯವಿರುವೆಡೆ ತೆರೆ ಅಥವಾ ಕನ್ನಡಕ ಒದಗಿಸಬೇಕೆಂದು ಆಗಲೇ ವಿಧಿಸಿತ್ತು. ಇಂತಹ ರಕ್ಷಣೆಯನ್ನು ಕೇಳಿ ಪಡೆಯಲು ಕೆಲಸಗಾರರು ಹಿಂಜರಿಯಬಾರದು.

4. ಕಣ್ಣು ನೋಯುತ್ತಿರುವಾಗ ಎದೆಹಾಲು, ಎಣ್ಣೆ, ಸೊಪ್ಪಿನ ರಸ ಮುಂತಾದವುಗಳನ್ನು ಹಾಕಬಾರದು. ನೋವು ಮರಗಟ್ಟಿಸುವ ಹನಿಗಳನ್ನು ಅಂಗಡಿಯಿಂದ ತಂದು ಪದೇ ಪದೇ ಹಾಕಿಕೊಳ್ಳುವುದರಿಂದ ಕಾರ್ನಿಯಾ ಗುಣವಾಗುವುದು ನಿಧಾನವಾಗಿ, ಶಾಶ್ವತ ಹಾನಿಯೂ ಆಗಬಹುದು.

9. ಸೇವೆಗಳನ್ನು ಕೋರುವವರ ಗಮನಕ್ಕೆ

ಪೊರೆ ಶಸ್ತ್ರಚಿಕಿತ್ಸೆ: 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಕೃತಕ ಮಸೂರ ಅಳವಡಿಕೆಯ ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ನೀಡಲಾಗುತ್ತದೆ. ಇದಕ್ಕಾಗಿ ಸಮೀಪದ ಸರ್ಕಾರಿ ಆಸ್ಪತ್ರೆಯ ನೇತ್ರ ವಿಭಾಗವನ್ನು ಸಂಪರ್ಕಿಸುವುದು. ಪೊರೆ ಸಂಪೂರ್ಣ ಬಲಿಯುವವರೆಗೆ ಕಾಯುವ ಅವಶ್ಯಕತೆ ಇಲ್ಲ.

ಅಂಗವಿಕಲತೆಯ ಪ್ರಮಾಣಪತ್ರ: ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರಲ್ಲಿ ಅಂಧತ್ವ ಮತ್ತು ಮಂದದೃಷ್ಟಿ ಎರಡೂ ಸೇರಿವೆ. ದೃಷ್ಟಿ ಕುಂದಿದವರು ವಿಶಿಷ್ಟ ಗುರುತಿನ ಚೀಟಿಗಾಗಿ ಅರ್ಜಿ ಸಲ್ಲಿಸಿ ವೈದ್ಯಕೀಯ ತಪಾಸಣೆಗೆ ಹಾಜರಾಗಬಹುದು.

ನೇತ್ರದಾನ: ಕಾರ್ನಿಯಾದ ಒಳಪದರವು ಮತ್ತೆ ಬೆಳೆಯದ ಕಾರಣ, ಅದು ಕೆಟ್ಟವರಿಗೆ ದಾನವಾಗಿ ಬಂದ ಕಾರ್ನಿಯಾವೇ ಮುಖ್ಯ ಆಧಾರ. ಇಂದು ಒಂದು ಕಾರ್ನಿಯಾದ ಪದರಗಳನ್ನು ಬೇರ್ಪಡಿಸಿ ಇಬ್ಬರಿಗೆ ಕಸಿ ಮಾಡಲು ಸಾಧ್ಯವಿದೆ. 2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ದೊರೆತದ್ದು ಇದೇ ವಿಧಾನದಿಂದ. ಮರಣಾನಂತರ 6 ಗಂಟೆಗಳೊಳಗೆ ಕಣ್ಣುಗಳನ್ನು ಪಡೆಯಬೇಕಾಗಿರುವುದರಿಂದ ಕುಟುಂಬದವರು ತಡಮಾಡದೆ ನೇತ್ರ ಬ್ಯಾಂಕಿಗೆ ತಿಳಿಸುವುದು. ಅಲ್ಲಿಯವರೆಗೆ ಮೃತರ ರೆಪ್ಪೆಗಳನ್ನು ಮುಚ್ಚಿ, ಮೇಲೆ ಒದ್ದೆ ಹತ್ತಿಯನ್ನಿಟ್ಟು, ಫ್ಯಾನನ್ನು ಆರಿಸಿರುವುದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕಪ್ಪು ಗಾಜಿನ ಯಾವುದೇ ಕನ್ನಡಕ ಸಾಕೇ?
ಉತ್ತರ: ಸಾಲದು. ಗಾಜಿನ ಬಣ್ಣಕ್ಕೂ ನೇರಳಾತೀತ ಕಿರಣಗಳನ್ನು ತಡೆಯುವ ಗುಣಕ್ಕೂ ಸಂಬಂಧವಿಲ್ಲ. ಆ ಗುಣವಿಲ್ಲದ ಕಪ್ಪು ಗಾಜಿನ ಹಿಂದೆ ಪಾಪೆಯು ಹಿಗ್ಗಿ, ಹೆಚ್ಚು ಕಿರಣಗಳು ಕಣ್ಣಿನೊಳಗೆ ಹೋಗುವ ಸಂಭವವಿದೆ.

ಪ್ರಶ್ನೆ: ಮೋಡ ಕವಿದ ದಿನ ರಕ್ಷಣೆ ಬೇಕೇ?
ಉತ್ತರ: ಬೇಕು. ತೆಳು ಮೋಡದ ಮೂಲಕ ಶೇಕಡ 80ರವರೆಗೆ ನೇರಳಾತೀತ ಕಿರಣಗಳು ಹಾಯ್ದುಬರಬಲ್ಲವು.

ಪ್ರಶ್ನೆ: ಔಷಧದ ಹನಿಗಳಿಂದ ಪೊರೆಯನ್ನು ಕರಗಿಸಬಹುದೇ?
ಉತ್ತರ: ಇಲ್ಲ. ಮೇಲೆ ವಿವರಿಸಿದಂತೆ ಮಸೂರದ ನಾರುಕೋಶಗಳಿಗೆ ದುರಸ್ತಿ ಸಾಮರ್ಥ್ಯವಿಲ್ಲ. ಶಸ್ತ್ರಚಿಕಿತ್ಸೆಯೇ ಪರಿಹಾರ. ಹನಿಗಳಿಂದ ಕರಗಿಸುವುದಾಗಿ ಹೇಳುವ ಜಾಹೀರಾತುಗಳನ್ನು ನಂಬಿ ಹಣ ಮತ್ತು ಕಾಲವನ್ನು ಕಳೆದುಕೊಳ್ಳಬಾರದು.

ಪ್ರಶ್ನೆ: ಶಸ್ತ್ರಚಿಕಿತ್ಸೆಯಲ್ಲಿ ಮಸೂರವನ್ನು ತೆಗೆದ ನಂತರ ಅಕ್ಷಿಪಟಲಕ್ಕೆ ರಕ್ಷಣೆ ಇರುತ್ತದೆಯೇ?
ಉತ್ತರ: ಇಂದು ಅಳವಡಿಸುವ ಬಹುತೇಕ ಕೃತಕ ಮಸೂರಗಳಲ್ಲಿ ನೇರಳಾತೀತ ಕಿರಣಗಳನ್ನು ತಡೆಯುವ ವಸ್ತುವನ್ನು ಸೇರಿಸಲಾಗಿರುತ್ತದೆ. ಆದರೂ ಬಿಸಿಲಿನಲ್ಲಿ ಕನ್ನಡಕ ಧರಿಸುವುದು ಒಳಿತು.

ಪ್ರಶ್ನೆ: ವೆಲ್ಡಿಂಗ್ ಕಣ್ಣು ತಾನಾಗಿಯೇ ವಾಸಿಯಾಗುವುದಾದರೆ ಮುಖಕವಚ ಏಕೆ?
ಉತ್ತರ: ವಾಸಿಯಾಗುವುದು ಹೊರಪದರ ಮಾತ್ರ. ಒಳಗಿನ ಮಸೂರಕ್ಕೆ ತಲುಪಿದ ಹಾನಿಯು ನೋವಿಲ್ಲದೆ ಉಳಿದುಕೊಂಡು ವರ್ಷಾನುಗಟ್ಟಲೆ ಸಂಚಯವಾಗುತ್ತದೆ.

ಸೂಚನೆ: ಈ ಮಾಹಿತಿಯನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ನೀಡಲಾಗಿದ್ದು, ಇದು ವೈದ್ಯರ ತಪಾಸಣೆಗೆ ಪರ್ಯಾಯವಲ್ಲ. ದೃಷ್ಟಿ ಹಠಾತ್ತನೆ ಕುಂದಿದಲ್ಲಿ, ಕಣ್ಣಿನ ನೋವು ಒಂದು ದಿನದ ನಂತರವೂ ಕಡಿಮೆಯಾಗದಿದ್ದಲ್ಲಿ, ಬಿಳಿಭಾಗದ ಮೇಲಿನ ಗಂಟು ಅಥವಾ ದುರ್ಮಾಂಸವು ಬೇಗನೆ ಬೆಳೆಯುತ್ತಿದ್ದಲ್ಲಿ ವಿಳಂಬ ಮಾಡದೆ ಸಮೀಪದ ಆಸ್ಪತ್ರೆಯ ನೇತ್ರ ತಜ್ಞರನ್ನು ಕಾಣಬೇಕೆಂದು ಕೋರಲಾಗಿದೆ.